ಸಹಾಯ ಬೇಕು: ದಾಳಿಂಬೆ ಸಿಪ್ಪೆ ಸಾರದ ಎಂಐಸಿ (ಬ್ಯಾಕ್ಟೀರಿಯಾ ಬೆಳವಣಿಗೆ ತಡೆಯುವ ಕನಿಷ್ಠ ಸಾಂದ್ರತೆ) ಓದಲು ಆಗುತ್ತಿಲ್ಲ

ನಮಸ್ಕಾರ. ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ದಾಳಿಂಬೆ ಸಿಪ್ಪೆಯ ಮೆಥನಾಲ್ ಸಾರವನ್ನು ಸ್ಟೆಫೈಲೋಕಾಕಸ್ ಆರಿಯಸ್ ಬ್ಯಾಕ್ಟೀರಿಯಾ ಮೇಲೆ ಪರೀಕ್ಷಿಸುತ್ತಿದ್ದೇನೆ. ಭೇದಿ ಆದರೆ ಮಜ್ಜಿಗೆಯಲ್ಲಿ ಅರೆದು ಕೊಡುತ್ತಾರಲ್ಲ, ಅದೇ ಸಿಪ್ಪೆ.

ಅಗರ್ ಪ್ಲೇಟ್‌ನಲ್ಲಿ ಒಳ್ಳೆ ಝೋನ್ (ಬ್ಯಾಕ್ಟೀರಿಯಾ ಬೆಳೆಯದ ವೃತ್ತ) ಬಂತು. ಬರೀ ಡಿಎಂಎಸ್ಒ (ಸಾರ ಕರಗಿಸುವ ದ್ರಾವಕ) ಹಾಕಿದ ಕಡೆ ಏನೂ ಇಲ್ಲ. ಆದರೆ ಝೋನ್ ಅಳತೆ ಒಂದೇ ಸಾಲದು ಅಲ್ವಾ? ಎಂಐಸಿಗೆ 96 ಗುಳಿಯ ಪ್ಲೇಟ್ ಹಿಡಿದೆ. ಸಾರ ಡಿಕಾಕ್ಷನ್ ತರ ಕಂದು, ಬ್ಯಾಕ್ಟೀರಿಯಾ ಬೆಳೆದು ಕದಡಿದೆಯಾ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ರೆಸಜ್ಯೂರಿನ್ (ಜೀವಂತ ಬ್ಯಾಕ್ಟೀರಿಯಾ ಇದ್ದರೆ ಗುಲಾಬಿಯಾಗುವ ನೀಲಿ ಬಣ್ಣ) ಹಾಕಿದರೆ ಬ್ಯಾಕ್ಟೀರಿಯಾನೇ ಇಲ್ಲದ, ಸಾರ ಮಾತ್ರ ಇರುವ ಗುಳಿಯೂ ನೀಲಿಯಿಂದ ಗುಲಾಬಿ ಆಗುತ್ತಿದೆ! ಸಾರವನ್ನು ಫಿಲ್ಟರ್ ಮಾಡಿ ನೋಡಿದೆ, ಬ್ಯಾಕ್ಟೀರಿಯಾ ಬೆಳೆಸುವ ಮೀಡಿಯಾ ಹೊಸದು ಮಾಡಿದೆ. ಅದೇ ಕತೆ. ಆ ಗುಳಿಯಿಂದ ಅಗರ್‌ಗೆ ಹಚ್ಚಿದರೆ ಏನೂ ಬೆಳೆಯುವುದಿಲ್ಲ. ಹಾಗಾಗಿ ಕಂಟಾಮಿನೇಷನ್ ಅಲ್ಲ, ಸಿಪ್ಪೆಯ ಒಗರಿನ ಅಂಶವಾದ ಟ್ಯಾನಿನ್‌ಗಳೇ ಬಣ್ಣ ಬದಲಿಸುತ್ತಿವೆ ಅಂತ ನನ್ನ ಅನುಮಾನ.

ಇಂಥ ಸಾರಕ್ಕೆ ಎಂಐಸಿ ಹೇಗೆ ತೆಗೆಯುತ್ತೀರಿ? ರೆಸಜ್ಯೂರಿನ್ ಬಿಟ್ಟು, ಸಾರವನ್ನು ಅಗರ್ ಒಳಗೇ ಬೆರೆಸಿ ನೋಡುವ ಅಗರ್ ಡೈಲ್ಯೂಷನ್‌ಗೆ ಹೋಗಲಾ, ಅಥವಾ ಇದೇ ಪ್ಲೇಟ್ ಉಳಿಸಿಕೊಳ್ಳುವ ದಾರಿ ಇದೆಯಾ?