ಸಿಲಿಂಡರ್ ಗುರುತಿನ ಅಧ್ಯಕ್ಷರು: ನಮ್ಮ ಬ್ಯಾಚ್ ಗ್ರೂಪಿನ ಜಗಳ

*ಸೆಪ್ಟೆಂಬರ್ 18, 2024*

ಲಾಸ್ಟ್ ಬೆಂಚ್: [ಫಾರ್ವರ್ಡ್ ಫೋಟೊ: ಎಡಕ್ಕೆ 2022ರ ಕೊಲಂಬೊ ಪೆಟ್ರೋಲ್ ಸಾಲು, ಬಲಕ್ಕೆ ಸಾಲೇ ಇಲ್ಲದ ಬಂಕ್. ಕೆಳಗೆ: "ದೇಶ ಉಳಿಸಿದವರನ್ನೇ ಸೋಲಿಸುತ್ತೀರಾ?"]
ಶನಿವಾರ ಶ್ರೀಲಂಕಾದಲ್ಲಿ ಅಧ್ಯಕ್ಷರ ಚುನಾವಣೆಗೆ ವೋಟು. ಈಗಿನ ಅಧ್ಯಕ್ಷ ರನಿಲ್ ವಿಕ್ರಮಸಿಂಘೆ ಮರು ಆಯ್ಕೆ ಆಗದಿದ್ದರೆ ಶ್ರೀಲಂಕಾದವರು ಉಂಡ ಮನೆ ಮರೆತರು ಅಂತಲೇ ಅರ್ಥ.

ಮೇಷ್ಟ್ರು: ಮರು ಆಯ್ಕೆ ಅಂತೀಯಲ್ಲ, ಮೊದಲು ಜನ ಆರಿಸಿದ್ದು ಯಾವಾಗ? ಹಿಂದಿನ ಅಧ್ಯಕ್ಷ ಗೊಟಬಯ ರಾಜಪಕ್ಸ ದೇಶ ಬಿಟ್ಟು ಓಡಿಹೋದ ಮೇಲೆ ಸಂಸತ್ತಿನಲ್ಲಿ ಬಿದ್ದ 134 ವೋಟು ಅದು. ಜಾಸ್ತಿ ರಾಜಪಕ್ಸ ಪಕ್ಷದವರದ್ದೇ. ರನಿಲ್ ಪಕ್ಷಕ್ಕೆ ಇದ್ದದ್ದು ಒಂದೇ ಸೀಟು.

ಲಾಸ್ಟ್ ಬೆಂಚ್: ಐಎಂಎಫ್ (ಅಂತಾರಾಷ್ಟ್ರೀಯ ಹಣಕಾಸು ನಿಧಿ) ಕಡೆಯಿಂದ 2.9 ಬಿಲಿಯನ್ ಡಾಲರ್ ಸಾಲ ಒಪ್ಪಿಸಿದ್ದು ಯಾರು ಮಾರಾಯ? ಶೇಕಡ 70ರ ಹತ್ತಿರ ಹೋಗಿದ್ದ ಹಣದುಬ್ಬರ ಇಳಿದದ್ದು ಸುಮ್ನೇನಾ?

ಕೊಲಂಬೊ ರಿಟರ್ನ್: ನಾನು ಆಗ ಅಲ್ಲೇ ಕೆಲಸದಲ್ಲಿದ್ದೆ. ಪಕ್ಕದ ಮನೆಯ ಆಟೊ ಅಂಕಲ್ ಎರಡು ರಾತ್ರಿ ಬಂಕ್ ಸಾಲಿನಲ್ಲೇ ಮಲಗಿದ್ದರು, ಸೀಟಿನ ಮೇಲೆ ಕಾಲು ಮಡಚಿಕೊಂಡು. ವಾರಕ್ಕೆ ಇಷ್ಟೇ ಅಂತ ಪೆಟ್ರೋಲ್ ಹಂಚೋ ಕ್ಯೂಆರ್ ಕೋಡ್ ಬಂದ ಮೇಲೆ ಸಾಲು ಕರಗಿತು. ಅದನ್ನು ಅವರು ಈಗಲೂ ನೆನೆಯುತ್ತಾರೆ. ಆದರೆ ಕರೆಂಟ್ ದರ 2022ರ ಆಗಸ್ಟ್‌ನಲ್ಲಿ ಶೇಕಡ 75, ಮುಂದಿನ ಫೆಬ್ರವರಿಯಲ್ಲಿ ಮತ್ತೆ 66 ಏರಿತು. ಅಂಕಲ್ ಫ್ರಿಜ್ ಆಫ್ ಮಾಡಿ ಅದರೊಳಗೆ ಬಟ್ಟೆ ಇಟ್ಟರು. ತಮಾಷೆ ಅಲ್ಲ.

ಡಾಕ್ಟ್ರಮ್ಮ: ಕಹಿ ಕಷಾಯ ಕೊಡಲೇಬೇಕಿತ್ತು, ಅದಕ್ಕೆ ನಾನು ಬಯ್ಯಲ್ಲ. ರನಿಲ್ ಪ್ರಮಾಣವಚನ ತಗೊಂಡ ಮರುದಿನ ಬೆಳಗಿನ ಜಾವವೇ ಕೊಲಂಬೊದ ಗಾಲ್ ಫೇಸ್ ಮೈದಾನಕ್ಕೆ ಸೇನೆ ಕಳಿಸಿ ಪ್ರತಿಭಟನೆಯವರನ್ನು ಎಬ್ಬಿಸಿದ್ದು ಯಾಕೆ? ಸ್ಥಳೀಯ ಚುನಾವಣೆ ದುಡ್ಡಿಲ್ಲ ಅಂತ ನಿಂತುಹೋಯಿತು. ಅದು ಜನರ ಹಕ್ಕಿಗೆ ಧಕ್ಕೆ ಅಂತ ಹೋದ ತಿಂಗಳಷ್ಟೇ ಸುಪ್ರೀಂ ಕೋರ್ಟ್ ಹೇಳಿದೆ. ವೋಟೇ ಬೇಡ ಅನ್ನೋ ಹಾಗೆ ಆಳಿದವರು ಈಗ ಬೆಲ್ಲ ಹಂಚುತ್ತಿದ್ದಾರೆ!

ಮೇಷ್ಟ್ರು: ಹೌದು. ಮೇ ಒಂದರಂದು ಟೀ ತೋಟದವರಿಗೆ ದಿನಕ್ಕೆ 1,700 ಶ್ರೀಲಂಕಾ ರೂಪಾಯಿ ಕೂಲಿ ಘೋಷಣೆ. ಕಂಪನಿಗಳು ಕೋರ್ಟಿಗೆ ಹೋಗಿ ತಡೆ ತಂದವು. ಜುಲೈನಲ್ಲಿ ಕರೆಂಟ್ ದರ ಇಳಿಕೆ. ಜನವರಿಯಿಂದ ಸರ್ಕಾರಿ ಸಂಬಳ ಏರಿಕೆಯಂತೆ. ಅದರ ಮೇಲೆ ಚುನಾವಣಾ ಗುರುತೂ ಗ್ಯಾಸ್ ಸಿಲಿಂಡರ್!

ಲಾಸ್ಟ್ ಬೆಂಚ್: ಬುದ್ಧಿವಂತಿಕೆ ಅಲ್ವಾ ಅದು? ಸಿಲಿಂಡರ್ ನೋಡಿದ ಕೂಡಲೇ ಗ್ಯಾಸಿಗೂ ಸಾಲು ನಿಂತ ಆ ದಿನಗಳು ನೆನಪಾಗಬೇಕು.

ಡಾಕ್ಟ್ರಮ್ಮ: ಜೊತೆಗೆ ಅದರ ಬೆಲೆಯೂ ನೆನಪಾಗುತ್ತೆ. ರನಿಲ್ ಎರಡು ವರ್ಷ ಲೆಕ್ಕದ ಮೇಷ್ಟ್ರು, ನಾಲ್ಕು ತಿಂಗಳು ಜಾತ್ರೆ ಅಂಗಡಿಯವರು. ಯಾವ ರನಿಲ್‌ರನ್ನು ನಂಬಬೇಕು? ಮೂರನೇ ಸ್ಥಾನ, ಬರೆದಿಟ್ಟುಕೋ.

ಲಾಸ್ಟ್ ಬೆಂಚ್: ಮಸಾಲೆ ದೋಸೆ ಬೆಟ್.

*ಸೆಪ್ಟೆಂಬರ್ 22, ರಾತ್ರಿ*

ಅಡ್ಮಿನ್: ಅನುರ ಕುಮಾರ ದಿಸ್ಸಾನಾಯಕೆ ಗೆದ್ದರು. ವೋಟು ಶೇಕಡ ಲೆಕ್ಕದಲ್ಲಿ: ಅನುರ 42.31, ಸಜಿತ್ ಪ್ರೇಮದಾಸ 32.76, ರನಿಲ್ 17.27. ದೋಸೆ ಎಲ್ಲರಿಗಾ, ಡಾಕ್ಟ್ರಮ್ಮನಿಗೆ ಮಾತ್ರಾನಾ?

ಕೊಲಂಬೊ ರಿಟರ್ನ್: ಆಟೊ ಅಂಕಲ್ ಫೋನ್ ಮಾಡಿದ್ದರು. ವೋಟಿನ ಚೀಟಿಯಲ್ಲಿ ಮೊದಲ ಆಯ್ಕೆಯ ಗುರುತು ಅನುರನಿಗೆ, ಎರಡನೆಯದು ಸಿಲಿಂಡರಿಗಂತೆ. "ಪೆಟ್ರೋಲಿನ ಋಣ ತೀರಿತು" ಅಂದರು.

ಮೇಷ್ಟ್ರು: ಯಾರಿಗೂ ಅರ್ಧಕ್ಕಿಂತ ಹೆಚ್ಚು ವೋಟು ಬರದಿದ್ದರೆ, ಮೊದಲ ಇಬ್ಬರನ್ನು ಬಿಟ್ಟು ಉಳಿದವರಿಗೆ ಬಿದ್ದ ಚೀಟಿಗಳಲ್ಲಿ ಮಾತ್ರ ಮುಂದಿನ ಗುರುತು ನೋಡೋದು. ಅನುರ ಮೊದಲ ಇಬ್ಬರಲ್ಲೇ ಇದ್ದಾರಲ್ಲ. ಆ ಎರಡನೇ ಗುರುತನ್ನು ಯಾರೂ ಎಣಿಸಿರಲ್ಲ ಕಣೋ.

ಕೊಲಂಬೊ ರಿಟರ್ನ್: ಅವರಿಗೆ ಹೇಳಬೇಡ.