ರವೆನ್ನಾದಲ್ಲಿ ಒಂದು ದಿನ: ಹಳೇ ಚರ್ಚುಗಳನ್ನ ನಡೆದೇ ನೋಡೋಕೆ ಯಾವ ದಾರಿ ಒಳ್ಳೇದು?

ಹೇಮಾವತಿ_ದಂಡೆ (ಹಾಸನ)

ಅಕ್ಟೋಬರ್‌ನಲ್ಲಿ ಅಪ್ಪ ಅಮ್ಮನ ಜೊತೆ ಇಟಲಿಗೆ ಹೊರಟಿದ್ದೀವಿ. ಬೊಲೊನ್ಯಾದಲ್ಲಿ ಮೂರು ರಾತ್ರಿ ಉಳಿಯೋದು, ಅದರಲ್ಲಿ ಒಂದು ದಿನ ರವೆನ್ನಾಗೆ ಹೋಗಿಬರೋ ಯೋಚನೆ. ಬೆಳಿಗ್ಗೆ ಹತ್ತಕ್ಕೆ ಇಳಿದು ಸಂಜೆ ಐದರ ಆಸುಪಾಸಿನ ರೈಲಿಗೆ ವಾಪಸ್. ಅಮ್ಮನಿಗೆ ಮಂಡಿ ನೋವು. ಸಮತಟ್ಟಾಗಿದ್ರೆ ನಡೀತಾರೆ, ಮೆಟ್ಟಿಲು ಆಗಲ್ಲ. ಮೂರೂ ಜನ ಸಸ್ಯಾಹಾರಿಗಳು, ಮೊಟ್ಟೆನೂ ತಿನ್ನಲ್ಲ. ಮೊಸಾಯಿಕ್ (ಬಣ್ಣದ ಚೂರುಗಳನ್ನ ಕೂರಿಸಿ ಮಾಡಿದ ಚಿತ್ರ) ಇರೋ ಚರ್ಚುಗಳನ್ನ ಯಾವ ಕ್ರಮದಲ್ಲಿ ನೋಡಿದ್ರೆ ಓಡಾಟ ಕಮ್ಮಿ? ಟಿಕೆಟ್ ಮೊದಲೇ ತಗೋಬೇಕಾ?

ಗಿರಿಶ್ರೇಣಿ_77 (ಚಿಕ್ಕಮಗಳೂರು)

ಅಮ್ಮನ ಮಂಡಿಗೆ ಹೇಳಿ ಮಾಡಿಸಿದ ಊರು ಅದು. ಏರು ಇಳಿಜಾರು ಏನೂ ಇಲ್ಲ, ಹಳೇ ಪೇಟೆಯ ಬಹುಪಾಲು ಬೀದಿಗಳಲ್ಲಿ ಕಾರೂ ಕಮ್ಮಿ. ಸೈಕಲ್ ಮಾತ್ರ ಸದ್ದಿಲ್ಲದೆ ಹಿಂದಿನಿಂದ ಬರುತ್ತೆ, ಬೀದಿ ಮಧ್ಯ ನಿಂತು ಫೋಟೊ ತೆಗೀಬೇಡಿ.

ಸ್ಟೇಷನ್ನಿಂದ ಹೊರಟು ಸ್ಟೇಷನ್ನಿಗೇ ಬರೋ ಸುತ್ತು ಹಾಕಿಕೊಳ್ಳಿ, ಒಟ್ಟು ಸುಮಾರು ಮೂರೂವರೆ ಕಿ.ಮೀ. ಎದುರಿನ ವಿಯಾಲೆ ಫರೀನಿ ಹಿಡಿದು ನೇರ ನಡೆದ್ರೆ ಅದೇ ರಸ್ತೆ ಮುಂದೆ ವಿಯಾ ದಿಯಾಜ್ ಆಗುತ್ತೆ. ಅಲ್ಲಿ ಬಲಗಡೆ ಸಣ್ಣ ಓಣಿಯಲ್ಲಿ ಏರಿಯನ್ ಬ್ಯಾಪ್ಟಿಸ್ಟ್ರಿ (ಬ್ಯಾಪ್ಟಿಸ್ಟ್ರಿ ಅಂದ್ರೆ ದೀಕ್ಷಾಸ್ನಾನ ಕೊಡೋ ಕಟ್ಟಡ). ಅದು ಮುಗಿಸಿ ಪಿಯಾತ್ಸಾ ದೆಲ್ ಪೊಪೊಲೊ ಚೌಕ ದಾಟಿ ಸಾನ್ ವಿಟಾಲೆ ಚರ್ಚು. ರೋಮ್ ರಾಣಿ ಗಾಲಾ ಪ್ಲಾಚಿದಿಯಾ ಹೆಸರಿನ ಸಮಾಧಿ ಕಟ್ಟಡ ಅದೇ ಕಾಂಪೌಂಡಿನಲ್ಲಿದೆ. ಊಟ ಆದ್ಮೇಲೆ ದಕ್ಷಿಣಕ್ಕೆ ದುವೋಮೊ (ಊರಿನ ಮುಖ್ಯ ಚರ್ಚು) ಪಕ್ಕದ ನಿಯೋನಿಯನ್ ಬ್ಯಾಪ್ಟಿಸ್ಟ್ರಿ, ಅಲ್ಲಿಂದ ಕವಿ ಡಾಂಟೆ ಸಮಾಧಿ, ಸಾನ್ ಫ್ರಾಂಚೆಸ್ಕೊ ಚರ್ಚು, ಕೊನೆಗೆ ವಿಯಾ ದಿ ರೋಮಾದಲ್ಲಿರೋ ಸಾಂತಪೊಲಿನಾರೆ ನುವೊವೊ. ಅಲ್ಲಿಂದ ರೈಲು ಹತ್ತು ನಿಮಿಷದ ದಾರಿ.

ಬೊಲೊನ್ಯಾದಿಂದ ಬರೋದು ಪ್ಯಾಸೆಂಜರ್ ಥರದ ‘ರೆಜೊನಾಲೆ’ ಗಾಡಿ, ಸುಮಾರು ಒಂದೂಕಾಲು ಗಂಟೆ. ಸೀಟು ರಿಸರ್ವೇಷನ್ ಅಂತ ಇಲ್ಲ. ಕಾಗದದ ಟಿಕೆಟ್ ಆದ್ರೆ ಹತ್ತೋ ಮುಂಚೆ ಪ್ಲಾಟ್‌ಫಾರಂ ಹತ್ರ ಇರೋ ಮೆಷಿನ್‌ಗೆ ತೂರಿಸಿ ಮುದ್ರೆ ಹಾಕಿಸಿ. ಮೊಬೈಲ್ ಟಿಕೆಟ್ ಆದ್ರೆ ಚೆಕ್-ಇನ್ ಒತ್ತಿ. ದುಡ್ಡು ಕೊಟ್ಟು ಟಿಕೆಟ್ ತಗೊಂಡೂ ದಂಡ ಕಟ್ಟೋರು ಇದೇ ಮರೆತವರು.

ಕಲ್ಲುಕಂಬ (ಬೇಲೂರು)

ಟಿಕೆಟ್ ವಿಷಯ ಸೇರಿಸ್ತೀನಿ. ಸಾನ್ ವಿಟಾಲೆ, ಗಾಲಾ ಪ್ಲಾಚಿದಿಯಾ, ನಿಯೋನಿಯನ್ ಬ್ಯಾಪ್ಟಿಸ್ಟ್ರಿ, ಸಾಂತಪೊಲಿನಾರೆ ನುವೊವೊ, ಬಿಷಪ್ಪರ ಮ್ಯೂಸಿಯಂ, ಈ ಐದೂ ಚರ್ಚಿನವರ ಒಂದೇ ಸಂಯುಕ್ತ ಟಿಕೆಟ್‌ನಲ್ಲಿ ಬರುತ್ತವೆ. ಒಂದೊಂದಕ್ಕೂ ಒಂದೇ ಸಲ ಪ್ರವೇಶ, ಹೊರಗೆ ಬಂದ್ರೆ ಮುಗೀತು. ಏರಿಯನ್ ಬ್ಯಾಪ್ಟಿಸ್ಟ್ರಿ ಇದರಲ್ಲಿ ಇಲ್ಲ. ಅದು ಸರ್ಕಾರದ್ದು, ಟಿಕೆಟ್ ಬೇರೆ, ತೆರೆಯೋ ಹೊತ್ತೂ ಬೇರೆ. ಹೋಗೋ ವಾರ ಒಂದ್ಸಲ ನೋಡಿಕೊಳ್ಳಿ.

ಗಾಲಾ ಪ್ಲಾಚಿದಿಯಾ ಮತ್ತು ನಿಯೋನಿಯನ್ ಎರಡೂ ಪುಟ್ಟ ಕಟ್ಟಡಗಳು. ಆನ್‌ಲೈನ್‌ನಲ್ಲಿ ಟಿಕೆಟ್ ತಗೊಳ್ಳೋವಾಗಲೇ ಸಮಯವನ್ನೂ ಆರಿಸಬೇಕು. ಎಡವೋದು ಇಲ್ಲೇ: ಎರಡಕ್ಕೂ ಅರ್ಧ ಗಂಟೆ ಅಂತರ ಇಟ್ಟುಬಿಡ್ತಾರೆ, ಮಧ್ಯ ಸಾನ್ ವಿಟಾಲೆ ಇದೆ ಅನ್ನೋದು ಮರೆತು. ಗಾಲಾಗೆ 11:30, ನಿಯೋನಿಯನ್‌ಗೆ 2 ಗಂಟೆ ಇಟ್ಟುಕೊಳ್ಳಿ. ಮಧ್ಯದ ಊಟ ಎಳೆದಷ್ಟು ಎಳೆಯುತ್ತೆ.

ಬಿಷಪ್ಪರ ಮ್ಯೂಸಿಯಂ ಮಹಡಿ ಮೇಲಿದೆ. ಅಮ್ಮ ಅಪ್ಪ ಕೆಳಗೆ ಕೂತಿರಲಿ, ನೀವೊಬ್ಬರೇ ಇಪ್ಪತ್ತು ನಿಮಿಷದಲ್ಲಿ ಮುಗಿಸಿಬನ್ನಿ. ಅಲ್ಲಿರೋ ದಂತದ ಸಿಂಹಾಸನ ಬಿಷಪ್ ಮ್ಯಾಕ್ಸಿಮಿಯನ್‌ನದು, 6ನೇ ಶತಮಾನದ ಕೆತ್ತನೆ. ನಮ್ಮ ಕಡೆ ಕೆತ್ತನೆ ನೋಡಿದ ಕಣ್ಣಿಗೂ ಅದು ಸಣ್ಣದು ಅನ್ನಿಸಲ್ಲ.

ಮೊಸಾಯಿಕ್_ಮರುಳು (ಹಾಸನ)

ದಾರಿ, ಟಿಕೆಟ್ ಆಯ್ತು. ನೋಡೋದು ಹೇಗೆ ಅಂತ ಯಾರೂ ಹೇಳಲಿಲ್ಲ, ಅಲ್ಲೇ ನಿಜವಾದ ನಷ್ಟ ಆಗೋದು.

ಹಳೇಬೀಡಲ್ಲಿ ವೈಭವವೆಲ್ಲ ಹೊರಗೋಡೆ ಮೇಲೆ. ರವೆನ್ನಾದಲ್ಲಿ ಉಲ್ಟಾ, ಹೊರಗೆ ಬರೀ ಇಟ್ಟಿಗೆ. ಗಾಲಾ ಪ್ಲಾಚಿದಿಯಾ ಅಂತೂ ಹಳೇ ಗೋದಾಮಿನ ಥರ ಕಾಣುತ್ತೆ. ಸುತ್ತಲಿನ ನೆಲ ಒಂದೂವರೆ ಮೀಟರಿನಷ್ಟು ಏರಿರೋದ್ರಿಂದ ಗೋಡೆ ಇನ್ನೂ ಕುಳ್ಳ. ಜನ ಹೆಚ್ಚಿರೋ ತಿಂಗಳಲ್ಲಿ ಒಳಗೆ ಬಿಡೋದು ಐದೇ ನಿಮಿಷ. ಕಿಟಕಿಗೆ ಗಾಜಿನ ಬದಲು ತೆಳುವಾದ ಅಲಬಾಸ್ಟರ್ ಕಲ್ಲಿನ ಹಲಗೆ, ಜೇನಿನ ಬಣ್ಣದ ಮಂದ ಬೆಳಕು. ಬಿಸಿಲಿಂದ ನೇರ ಒಳಗೆ ಹೋದ್ರೆ ಕಣ್ಣು ಹೊಂದಿಕೊಳ್ಳೋಕೇ ಎರಡು ಮೂರು ನಿಮಿಷ ಬೇಕು, ಅಂದ್ರೆ ಅರ್ಧ ಹೊತ್ತು ಅಲ್ಲೇ ಹೋಯ್ತು. ಅದಕ್ಕೇ ಸರದಿಗೆ ಹತ್ತು ನಿಮಿಷ ಮುಂಚೆ ನೆರಳಲ್ಲಿ ನಿಲ್ಲಿ, ಮೊಬೈಲ್ ಪರದೆ ನೋಡಬೇಡಿ. ಒಳಗೆ ಹೋದ ತಕ್ಷಣ ತಿರುಗಿ ಬಂದ ಬಾಗಿಲ ಮೇಲೆ ನೋಡಿ: ಕುರಿಗಳ ನಡುವೆ ಕೂತ ಕುರುಬನಾಗಿ ಕ್ರಿಸ್ತ. ಎಲ್ಲರೂ ಎದುರು ಗೋಡೆ ನೋಡ್ತಾ ಇದನ್ನ ಕೊನೆಗೆ ಬಿಟ್ಟುಬಿಡ್ತಾರೆ. ಆಮೇಲೆ ನೆತ್ತಿ ಮೇಲೆ ಕಡುನೀಲಿ ಆಕಾಶ, ಚಿನ್ನದ ನಕ್ಷತ್ರ. ಇದು 5ನೇ ಶತಮಾನದ ಮೊದಲರ್ಧದ ಕೆಲಸ.

ಫ್ಲ್ಯಾಶ್ ಹಾಕಬೇಡಿ. ನಿಷೇಧ ಒಂದು ಕಡೆ ಇರಲಿ, ಫೋಟೊನೇ ಕೆಡುತ್ತೆ. ಗಾಜಿನ ಚೂರುಗಳನ್ನ ಒಂದೊಂದು ಒಂದೊಂದು ಓರೆಯಲ್ಲಿ ಕೂರಿಸಿದ್ದಾರೆ, ಚಿನ್ನದ ಚೂರು ಅಂದ್ರೆ ಎರಡು ಗಾಜಿನ ಪದರದ ಮಧ್ಯ ಚಿನ್ನದ ರೇಕು. ನೀವು ಎರಡು ಹೆಜ್ಜೆ ಪಕ್ಕಕ್ಕೆ ಸರಿದ್ರೆ ಬೇರೆ ಚೂರುಗಳು ಹೊಳೀತವೆ. ಫ್ಲ್ಯಾಶ್‌ಗೆ ಎಲ್ಲ ಚಪ್ಪಟೆ.

ಸಾನ್ ವಿಟಾಲೆ (547ರಲ್ಲಿ ಪ್ರತಿಷ್ಠೆ) ಎಂಟು ಮೂಲೆಯ ಕಟ್ಟಡ. ನಡುವಿನ ಗುಮ್ಮಟದ ಚಿತ್ರಗಳು 18ನೇ ಶತಮಾನದವು, ಅದಕ್ಕೆ ಕತ್ತು ನೋಯಿಸಿಕೊಳ್ಳಬೇಡಿ. ನೇರ ಪೂಜಾಸ್ಥಾನದ ಕಡೆ ಹೋಗಿ. ಎಡಗೋಡೆಯಲ್ಲಿ ಚಕ್ರವರ್ತಿ ಜಸ್ಟಿನಿಯನ್, ಬಲಗೋಡೆಯಲ್ಲಿ ರಾಣಿ ಥಿಯೊಡೋರಾ. ಅಷ್ಟು ಜನರಲ್ಲಿ ತಲೆ ಮೇಲೆ ಹೆಸರು ಬರೆಸಿಕೊಂಡವನು ಬಿಷಪ್ ಮ್ಯಾಕ್ಸಿಮಿಯನ್ ಒಬ್ಬನೇ. ರಾಣಿಯ ಸೀರೆಯಂಚಿನಂಥ ಅಂಚಿನಲ್ಲಿ ಶಿಶು ಕ್ರಿಸ್ತನಿಗೆ ಕಾಣಿಕೆ ಹೊತ್ತ ಮೂವರು ಜ್ಞಾನಿಗಳಿದ್ದಾರೆ, ಬರಿಗಣ್ಣಿಗೆ ಕಷ್ಟ. ಹಕ್ಕಿ ನೋಡೋ ದುರ್ಬೀನು ಮನೇಲಿದ್ರೆ ತಗೊಂಡು ಹೋಗಿ.

ಸಾಂತಪೊಲಿನಾರೆ ನುವೊವೊ ಕೊನೆಗೆ ಇಟ್ಟಿದ್ದು ಸರಿ. ಕೂತೇ ಎರಡೂ ಗೋಡೆ ನೋಡಬಹುದು. ಎಡಕ್ಕೆ 22 ಕನ್ಯೆಯರ ಸಾಲು, ಬಲಕ್ಕೆ 26 ಹುತಾತ್ಮರ ಸಾಲು. ಇದನ್ನ ಕಟ್ಟಿಸಿದ್ದು ಗಾಥ್ ದೊರೆ ಥಿಯೊಡೊರಿಕ್, ಕ್ರಿಸ್ತ ದೇವರಿಗೆ ಸಮ ಅಲ್ಲ ಅನ್ನೋ ಏರಿಯನ್ ಪಂಥದವನು. 540ರಲ್ಲಿ ಊರು ಬೈಜಾಂಟಿಯನ್ನರ (ಪೂರ್ವ ರೋಮ್ ಸಾಮ್ರಾಜ್ಯದವರು, ಜಸ್ಟಿನಿಯನ್ ಕಡೆಯವರು) ಕೈಗೆ ಹೋದ್ಮೇಲೆ ಅವನ ಕಡೆಯವರ ಚಿತ್ರಗಳನ್ನ ಕಿತ್ತು ಪರದೆಗಳನ್ನ ತುಂಬಿದ್ರು. ಬಲಗೋಡೆಯ ಬಾಗಿಲ ಕಡೆ ತುದಿಯಲ್ಲಿ ಅರಮನೆ ಇದೆ, ಅದರ ಬಿಳಿ ಕಂಬಗಳನ್ನ ದಿಟ್ಟಿಸಿ: ಮೈ ಇಲ್ಲ, ಮುಂಗೈಗಳು ಮಾತ್ರ ಕಂಬಕ್ಕೆ ಅಂಟಿಕೊಂಡು ಉಳಿದಿವೆ. ಕಿತ್ತವರು ಕಂಬ ಕೆಡಿಸೋಕೆ ಹೋಗಲಿಲ್ಲ.

ಕಾಫಿಕಣ (ಮೂಡಿಗೆರೆ)

ಊಟದ ಮಾತು. ಆ ಸೀಮೆಯ ರೊಟ್ಟಿ ‘ಪಿಯಾದೀನಾ’, ನೋಡೋಕೆ ನಮ್ಮ ಚಪಾತಿ ಥರ, ಚೀಸು ಸೊಪ್ಪು ಹಾಕಿ ಕೊಡ್ತಾರೆ. ಸಸ್ಯಾಹಾರ ಅಂತ ನಂಬಿ ತಿನ್ನಬೇಡಿ. ಸಂಪ್ರದಾಯದ ಹಿಟ್ಟಿಗೆ ಹಂದಿ ಕೊಬ್ಬು ಕಲಸ್ತಾರೆ, ಅದರ ಹೆಸರು ‘ಸ್ತ್ರುತ್ತೊ’. ‘ಸೆನ್ಸಾ ಸ್ತ್ರುತ್ತೊ’ ಅಂತ ಕೇಳಿ, ಎಣ್ಣೆಯಲ್ಲಿ ಕಲಸಿದ್ದು ಬಹಳ ಕಡೆ ಸಿಗುತ್ತೆ. ತಾಜಾ ಪಾಸ್ತಾ, ಅಂದ್ರೆ ತಾಲ್ಯಾತೆಲ್ಲೆ, ಕಪೆಲೆತ್ತಿ, ಇವಕ್ಕೆ ಆ ಕಡೆ ಮೊಟ್ಟೆ ಹಾಕೇ ಹಾಕ್ತಾರೆ. ಒಣ ಸ್ಪಗೆಟ್ಟಿ, ಪೆನ್ನೆ ಬರೀ ರವೆ ನೀರು. ಟೊಮ್ಯಾಟೊ ಸಾಸ್ ಜೊತೆ ಕೇಳಿ. ಪಾರ್ಮೆಜಾನ್ ಚೀಸಿನ ಹಾಲು ಒಡೆಸೋದು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ‘ರೆನ್ನೆಟ್‌’ನಿಂದ, ಕಟ್ಟುನಿಟ್ಟಾಗಿದ್ರೆ ಉದುರಿಸಬೇಡಿ ಅಂತ ಮೊದಲೇ ಹೇಳಿ.

ಕಾಫಿ ಕೌಂಟರ್‌ನಲ್ಲಿ ನಿಂತೇ ಕುಡೀರಿ, ಕೂತ್ರೆ ರೇಟು ಜಾಸ್ತಿ. ‘ಲಾತ್ತೆ’ ಅಂದ್ರೆ ಬರೀ ಹಾಲು ಬರುತ್ತೆ! ನಮ್ಮ ಕಾಫಿಗೆ ಹತ್ತಿರ ಅಂದ್ರೆ ‘ಕಫೆ ಲಾತ್ತೆ’.

ಹೇಮಾವತಿ_ದಂಡೆ (ಹಾಸನ)

ಎಲ್ಲರಿಗೂ ಧನ್ಯವಾದ. ಹಂದಿ ಕೊಬ್ಬಿನ ವಿಷಯ ಗೊತ್ತೇ ಇರಲಿಲ್ಲ. ಇನ್ನೊಂದು, ಊರಾಚೆ ಕ್ಲಾಸ್ಸೆಯಲ್ಲಿ ಇನ್ನೊಂದು ಹಳೇ ಚರ್ಚು ಇದೆಯಲ್ಲ, ಅದನ್ನ ಇದೇ ದಿನಕ್ಕೆ ತುರುಕಬಹುದಾ? ಸಾನ್ ಫ್ರಾಂಚೆಸ್ಕೊದಲ್ಲಿ ಏನಿದೆ?

ಗಿರಿಶ್ರೇಣಿ_77 (ಚಿಕ್ಕಮಗಳೂರು)

ಸಾನ್ ಫ್ರಾಂಚೆಸ್ಕೊ ಮಧ್ಯಾಹ್ನ ಬಾಗಿಲು ಹಾಕುತ್ತೆ, ಮೂರರ ಮೇಲೆ ಹೋಗಿ. ಪೂಜಾಸ್ಥಾನದ ಕೆಳಗಿನ ನೆಲಮಾಳಿಗೆಗೆ ನೀರು ತುಂಬಿದೆ. ಊರು ಕುಸೀತಾ ಬಂದು ಅಂತರ್ಜಲ ಅಲ್ಲಿಗೆ ಏರಿರೋದು. ಕಿಂಡಿಯಲ್ಲಿ ಬಗ್ಗಿ ನಾಣ್ಯ ಹಾಕಿದ್ರೆ ದೀಪ ಹತ್ತುತ್ತೆ. ನೀರಡಿಯ ಮೊಸಾಯಿಕ್ ನೆಲ, ಅದರ ಮೇಲೆ ಕೆಂಪು ಮೀನು. ಚಿಲ್ಲರೆ ಇಟ್ಕೊಳ್ಳಿ. ಮೂರೋ ನಾಲ್ಕೋ ಮೆಟ್ಟಿಲು ಸಿಕ್ಕರೂ ಸಿಗಬಹುದು, ಅಮ್ಮನ ಕೈ ಹಿಡಿದುಕೊಳ್ಳಿ.

ಕ್ಲಾಸ್ಸೆ ಬೇಡ ಅಂತ ನನ್ನ ಅಭಿಪ್ರಾಯ. ಹಸಿರು ಹುಲ್ಲುಗಾವಲಲ್ಲಿ ಕುರಿಗಳು ನಿಂತ ಆ ಅರ್ಧಗುಮ್ಮಟ (549) ಅದ್ಭುತವೇ, ಆದ್ರೆ ಬಸ್ಸಿಗೆ ಕಾದು ಹೋಗಿ ನೋಡಿ ಬರೋಕೆ ಎರಡು ಗಂಟೆ ಹಿಡಿಯುತ್ತೆ.

ಮೊಸಾಯಿಕ್_ಮರುಳು (ಹಾಸನ)

ನಾನು ಒಪ್ಪಲ್ಲ. ಬೆಳಿಗ್ಗೆ ಎಂಟೂವರೆಗೆ ಇಳಿಯೋ ಹಾಗೆ ರೈಲು ಹಿಡಿದ್ರೆ ಆಗುತ್ತೆ. ಸ್ಟೇಷನ್ ಕಡೆಯಿಂದಲೇ 4ನೇ ನಂಬರ್ ಬಸ್ಸು, ಆ ಚರ್ಚಿನ ಹತ್ರವೇ ಇಳಿಸುತ್ತೆ. ಅದನ್ನ ಮೊದಲು ಮುಗಿಸಿ ಬಂದು, ಏರಿಯನ್ ಬ್ಯಾಪ್ಟಿಸ್ಟ್ರಿ ಬಿಟ್ಟು ನೇರ ಸಾನ್ ವಿಟಾಲೆಗೆ. ಗಾಲಾದ 11:30 ತಪ್ಪೋದಿಲ್ಲ. ಬಸ್ ಟಿಕೆಟ್ ಹೋಗೋಕೂ ಬರೋಕೂ ಒಟ್ಟಿಗೇ ತಗೊಳ್ಳಿ, ಕ್ಲಾಸ್ಸೆಯಲ್ಲಿ ಅಂಗಡಿ ಹುಡುಕೋ ಕೆಲಸ ತಪ್ಪುತ್ತೆ.