ಸಹಾಯ ಬೇಕು: ಗದ್ದಲಕ್ಕೆ ಹೆದರುವ ಮಗನಿಗೆ ಕನ್ನಡದ ಕಥೆಗಳು

ನಮಸ್ಕಾರ. ನಾವು ಹಾಸನದವರು. ಮಗನಿಗೆ ಆರು ವರ್ಷ, ಆಟಿಸಂ ಇದೆ. ಕುಕ್ಕರ್ ಕೂಗಿದರೂ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಸೇರುತ್ತಾನೆ. ಥೆರಪಿಸ್ಟ್ ಮೇಡಂ 'ಸೋಶಿಯಲ್ ಸ್ಟೋರಿ' ಓದಿ ಹೇಳಿ ಎಂದರು. ಅಮೆರಿಕದ ಶಿಕ್ಷಕಿ ಕ್ಯಾರಲ್ ಗ್ರೇ 1990ರ ದಶಕದ ಶುರುವಿನಲ್ಲಿ ರೂಪಿಸಿದ ವಿಧಾನ. ಹೋಗುವ ಜಾಗದಲ್ಲಿ ಏನಾಗುತ್ತದೆ, ಯಾಕೆ ಅಂತ ಮೊದಲೇ ಪುಟ್ಟ ಕಥೆಯಾಗಿ ಹೇಳುವುದು. 'ಹೀಗೆ ಮಾಡು' ಅನ್ನುವ ಮಾತು ಕಮ್ಮಿ ಇರಬೇಕು. ನಾನು ಬರೆದರೆ ಬರೀ ಉಪದೇಶವೇ ಆಗುತ್ತದೆ! ಅಜ್ಜಿ ಹೇಳುವ ಕಾಗಕ್ಕ ಗುಬ್ಬಕ್ಕನ ಕಥೆ ಅವನಿಗೆ ಇಷ್ಟ. ಆದರೆ ಕಾಗಕ್ಕನ ಮನೆ ಕೊಚ್ಚಿಹೋದ ಕೂಡಲೇ ಅಳು ಶುರು.

ದೀಪಾವಳಿ ಹೊತ್ತಿಗೆ ಹಾಸನಾಂಬೆ ಗುಡಿ ಬಾಗಿಲು ತೆರೆಯುತ್ತದೆ. ಆ ಉದ್ದದ ಕ್ಯೂ, ಪಟಾಕಿ ಸದ್ದು, ಎರಡಕ್ಕೂ ಕನ್ನಡದಲ್ಲಿ ಇಂಥ ಕಥೆ ಬರೆದುಕೊಂಡವರು ಇದ್ದೀರಾ? ನೋಟ್‌ಬುಕ್ಕಿನ ಫೋಟೋ ತೆಗೆದು ಹಾಕಿದರೂ ಸಾಕು.